ಕಾಲರಾ ಗಡಿ ಕೇಳಿ ಬರುವುದಿಲ್ಲ

2022ರ ಮಾರ್ಚ್‌ನಲ್ಲಿ ಆಫ್ರಿಕಾದ ಮಲಾವಿಯಲ್ಲಿ ಕಾಲರಾ ಶುರುವಾಯಿತು. 1,700ಕ್ಕೂ ಹೆಚ್ಚು ಜನ ಸತ್ತರು. ಮುಂದೆ ಮೊಜಾಂಬಿಕ್, ಜಾಂಬಿಯಾ, ಜಿಂಬಾಬ್ವೆಗಳಲ್ಲೂ ಅದೇ ವಾಂತಿಭೇದಿ.

ಇಂಥ ಹೊತ್ತಲ್ಲಿ ‘ಪಕ್ಕದ ದೇಶದವರು ತಂದರು’ ಎನ್ನುವುದು ಸುಲಭ. ನಾವು ಒಪ್ಪುವುದಿಲ್ಲ. ಗಡಿ ದಾಟುವವರು ಸಂತೆಗೆ, ಕೂಲಿಗೆ, ನೆಂಟರ ಮನೆಗೆ ಹೋಗುವ ಬಡವರು. ಅವರನ್ನು ತಡೆದರೆ ಬಾವಿ ನೀರು ಶುದ್ಧವಾಗುತ್ತದೆಯೇ? ರೋಗಿಯ ಮಲ ಇನ್ನೊಬ್ಬರ ನೀರಿಗೆ, ಅನ್ನಕ್ಕೆ ಸೇರಿದರೇನೇ ಕಾಲರಾ ಹರಡುವುದು. 2023ರಲ್ಲಿ ಫ್ರೆಡ್ಡಿ ಚಂಡಮಾರುತದ ನೆರೆ ಮಲಾವಿ, ಮೊಜಾಂಬಿಕ್ ಎರಡನ್ನೂ ಮುಳುಗಿಸಿತು. ಅದಕ್ಕೆ ಯಾವ ಚೆಕ್‌ಪೋಸ್ಟ್ ಅಡ್ಡ ಬಂತು?

ಜಗತ್ತಿನಲ್ಲಿ ಲಸಿಕೆ ಸಾಲದೆ, 2022ರ ಅಕ್ಟೋಬರ್‌ನಲ್ಲಿ ಎರಡು ಡೋಸ್ ಬದಲು ಒಂದೇ ಸಾಕೆಂದರು. ಬೇಗ ಓಆರ್‌ಎಸ್ ಕುಡಿಸಿದರೆ ಹೆಚ್ಚಿನವರು ಬದುಕುವ ರೋಗವಿದು. ಆದ್ದರಿಂದ ನಾವು ಹೇಳುವುದಿಷ್ಟೇ: ಲೆಕ್ಕ ಕೇಳಬೇಕಾದ್ದು ನೆರೆಯವರನ್ನಲ್ಲ, ನಲ್ಲಿ, ಶೌಚಾಲಯ ಕೊಡದ ಸರ್ಕಾರಗಳನ್ನು.