ಕೀಲಿಕೈ ಬೇಡ, ಗುಳಿಗೆ ಬೇಕು

ಮೂರ್ಛೆ ಬಂದು ಬಿದ್ದವನ ಕೈಗೆ ಕಬ್ಬಿಣದ ಕೀಲಿಕೈ ಕೊಡುವುದು, ಮೂಗಿಗೆ ಉಳ್ಳಾಗಡ್ಡಿ ಹಿಡಿಯುವುದು, ಅದೂ ಸಾಲದಾದರೆ ಚಪ್ಪಲಿ ಮೂಸಿಸುವುದು ನಮ್ಮ ನಾಡಿನಲ್ಲಿ ಇಂದಿಗೂ ನಿಂತಿಲ್ಲ. ಮೂರ್ಛೆ ಸಾಮಾನ್ಯವಾಗಿ ಎರಡು ಮೂರು ನಿಮಿಷಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಹೆಸರು ಮಾತ್ರ ಕೀಲಿಕೈಗೆ ಬರುತ್ತದೆ. ಆಮೇಲೆ ತಾಯತ, ಹರಕೆ, ಸಾಲ. ಗಿರಣಿಯಲ್ಲಿ ಬಿದ್ದವನಾದರೆ ಮರುದಿನದ ಕೆಲಸಕ್ಕೂ ಕುತ್ತು. ರೋಣ, ನರಗುಂದ, ಗಜೇಂದ್ರಗಡ ತಾಲೂಕುಗಳ ದುಡಿಯುವ ಬಂಧುಗಳ ಮುಂದೆ ಈ ವಾರ ನಾವು ಮೂರ್ಛೆರೋಗದ ವಿಷಯವನ್ನು ಇಡುತ್ತಿರುವುದಕ್ಕೆ ಕಾರಣವಿಷ್ಟೇ: ಇದು ಬರಿಯ ವೈದ್ಯರ ವಿಷಯವಲ್ಲ, ಅನ್ನದ ವಿಷಯ.

ಮೊದಲು ರೋಗವೆಂದರೇನು ಎಂಬುದನ್ನು ತಿಳಿಯೋಣ. ನಮ್ಮ ಮೆದುಳು ಸದಾಕಾಲ ಅತಿ ಸಣ್ಣ ವಿದ್ಯುತ್ತಿನಿಂದ ಕೆಲಸ ಮಾಡುತ್ತದೆ. ಜರ್ಮನಿಯ ಯೇನಾ ಪಟ್ಟಣದ ವೈದ್ಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ತಲೆಯಿಂದ ಈ ವಿದ್ಯುತ್ತಿನ ಅಲೆಗಳನ್ನು ಮೊದಲ ಬಾರಿಗೆ ದಾಖಲಿಸಿದನು, 1929ರಲ್ಲಿ ಪ್ರಕಟಿಸಿದನು. ಇಂದು ದೊಡ್ಡ ದವಾಖಾನೆಗಳಲ್ಲಿ ತಲೆಗೆ ತಂತಿ ಹಚ್ಚಿ ಮಾಡುವ ಇ.ಇ.ಜಿ. ಪರೀಕ್ಷೆ ಅದೇ. ನೇಕಾರರ ಓಣಿಯನ್ನು ನೆನೆಯಿರಿ. ಒಂದೊಂದು ಮಗ್ಗವೂ ತನ್ನ ತನ್ನ ಗತಿಯಲ್ಲಿ ಬಡಿಯುತ್ತಿರುವಾಗ ಬಟ್ಟೆ ನೇಯುತ್ತದೆ. ಮೆದುಳಿನ ಕೋಟಿ ಕೋಟಿ ಕಣಗಳೂ ಹಾಗೆಯೇ. ಅವುಗಳಲ್ಲಿ ಅಸಂಖ್ಯ ಕಣಗಳು ಏಕಾಏಕಿ ಒಂದೇ ಗತಿಯಲ್ಲಿ, ಮಿತಿಮೀರಿ ಬಡಿಯತೊಡಗಿದರೆ ಮನುಷ್ಯ ಎಚ್ಚರ ತಪ್ಪುತ್ತಾನೆ, ಕೈಕಾಲು ಸೆಳೆಯುತ್ತವೆ, ಬಾಯಲ್ಲಿ ನೊರೆ ಬರುತ್ತದೆ. ಮೂರ್ಛೆಯೆಂದರೆ ಇಷ್ಟೇ. ಇದರಲ್ಲಿ ದೆವ್ವವಿಲ್ಲ, ಶಾಪವಿಲ್ಲ. ಇದು ಮುಟ್ಟಿದರೆ ಅಂಟುವ ರೋಗವೂ ಅಲ್ಲ.

ಈ ಮಾತಿಗೆ ಪುರಾವೆ ಬೇಕೆಂದರೆ ಬೆಳಕಿನ ಮೂರ್ಛೆಯನ್ನು ನೋಡಬೇಕು. ಇಂಗ್ಲಂಡಿನ ಬ್ರಿಸ್ಟಲ್ ನಗರದಲ್ಲಿ ಗ್ರೇ ವಾಲ್ಟರ್ ಮತ್ತು ಸಂಗಡಿಗರು 1946ರಲ್ಲಿ ಮಿನುಗುವ ದೀಪವನ್ನು ಕಣ್ಣಿನ ಮುಂದಿಟ್ಟು ಮೆದುಳಿನ ಅಲೆಗಳನ್ನು ಅಳೆದರು. ದೀಪದ ಗತಿಗೆ ಮೆದುಳಿನ ಹಿಂಭಾಗದ ಅಲೆಗಳೂ ಕುಣಿಯುವುದು ಕಂಡುಬಂತು. ಕೆಲವರಲ್ಲಿ, ಅದರಲ್ಲಿಯೂ ಎಳೆಯ ಹುಡುಗ ಹುಡುಗಿಯರಲ್ಲಿ, ಸೆಕೆಂಡಿಗೆ 15ರಿಂದ 20 ಸಲ ಮಿನುಗುವ ಬೆಳಕು ಮೂರ್ಛೆಯನ್ನೇ ತರಬಲ್ಲದು. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ 'ಪೋಕೆಮಾನ್' ಎಂಬ ಮಕ್ಕಳ ಟಿ.ವಿ. ಕಾರ್ಯಕ್ರಮದಲ್ಲಿ ಕೆಂಪು ನೀಲಿ ಬಣ್ಣಗಳು ಸೆಕೆಂಡಿಗೆ ಸುಮಾರು 12 ಸಲ ಮಿನುಗಿದವು. ಅಂದು ಸಂಜೆ ಸುಮಾರು 685 ಜನರನ್ನು ದವಾಖಾನೆಗೆ ಒಯ್ಯಬೇಕಾಯಿತು. ಅವರಲ್ಲಿ ಬಹುಪಾಲು ಮಕ್ಕಳೇ. ಅಷ್ಟು ಮನೆಗಳಲ್ಲಿ ಒಂದೇ ಗಳಿಗೆಗೆ ಯಾವ ದೆವ್ವ ಹೊಕ್ಕಿತ್ತು? ಹೊಕ್ಕದ್ದು ಬೆಳಕು.

ನಮ್ಮ ಸೀಮೆಯಲ್ಲಿ ಇದನ್ನು ಓದಿದವರು ಗಜೇಂದ್ರಗಡದ ಗುಡ್ಡಗಳ ಮೇಲಿನ ಗಾಳಿಯಂತ್ರಗಳ ಬಗ್ಗೆ ಕೇಳಬಹುದು. ಬಿಸಿಲಿನಲ್ಲಿ ಅವುಗಳ ರೆಕ್ಕೆಯ ನೆರಳು ಬಂದು ಹೋಗುವುದರಿಂದ ಮೂರ್ಛೆ ಬರುವುದೇ? ಲೆಕ್ಕ ಹಾಕಿ ನೋಡೋಣ. ದೊಡ್ಡ ಯಂತ್ರ ನಿಮಿಷಕ್ಕೆ 20 ಸುತ್ತು ಸುತ್ತಿತೆಂದು ಹಿಡಿದರೂ ಮೂರು ರೆಕ್ಕೆಗೆ ನಿಮಿಷಕ್ಕೆ 60 ನೆರಳು, ಅಂದರೆ ಸೆಕೆಂಡಿಗೆ ಒಂದು. ಹಾರ್ಡಿಂಗ್ ಮತ್ತು ವಿಲ್ಕಿನ್ಸ್ ಎಂಬ ಸಂಶೋಧಕರು 2008ರಲ್ಲಿ ಇದನ್ನೇ ಪರಿಶೀಲಿಸಿ, ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ನೆರಳು ಮಿನುಗಿದರೆ ಮಾತ್ರ ಅಪಾಯವಿದೆಯೆಂದು ತೋರಿಸಿದ್ದಾರೆ. ಆದುದರಿಂದ ಗುಡ್ಡದ ಯಂತ್ರದ ಮೇಲೆ ಈ ಅಪವಾದ ಹೊರಿಸುವುದು ಸಲ್ಲದು. ಕಣ್ಣಿಡಬೇಕಾದದ್ದು ಮದುವೆ ಮೆರವಣಿಗೆಗಳಲ್ಲಿ ಧ್ವನಿವರ್ಧಕದ ಜೊತೆಗೆ ಹಚ್ಚುವ ಮಿಂಚುದೀಪಗಳ ಮೇಲೆ, ಕತ್ತಲೆ ಕೋಣೆಯಲ್ಲಿ ಮೂಗಿನ ಹತ್ತಿರ ಹಿಡಿದು ನೋಡುವ ಮೊಬೈಲಿನ ಮೇಲೆ. ಬೆಳಕಿಗೆ ಮೂರ್ಛೆ ಬರುವವರು ಅಂತಹ ದೀಪ ಎದುರಾದರೆ ಒಂದು ಕಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚಿ ಮುಖ ತಿರುಗಿಸಬೇಕು. ಆದರೂ ಹೆದರಿಕೆ ಅತಿಯಾಗಬಾರದು. ನೂರು ಮೂರ್ಛೆರೋಗಿಗಳಲ್ಲಿ ಬೆಳಕಿನಿಂದ ಬಾಧೆ ಪಡುವವರು ಸುಮಾರು ಮೂವರು ಮಾತ್ರ.

ಕರ್ನಾಟಕಕ್ಕೆ ಬೆಳಕಿಗಿಂತ ಹತ್ತಿರದ್ದು ಬಿಸಿನೀರಿನ ಮೂರ್ಛೆ. ಹಂಡೆಯ ಸುಡುನೀರನ್ನು ಚರಿಗೆಯಿಂದ ತಲೆಯ ಮೇಲೆ ಸುರಿದುಕೊಳ್ಳುವಾಗ ಕೆಲವರಿಗೆ ಎಚ್ಚರ ತಪ್ಪುತ್ತದೆ. ಬೆಂಗಳೂರಿನ ನರರೋಗ ತಜ್ಞ ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು 1968ರಲ್ಲಿ ಇದನ್ನು ವರದಿ ಮಾಡಿದರು. ನಿಮ್ಹಾನ್ಸ್ ಸಂಸ್ಥೆಯ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 1988ರಲ್ಲಿ ಇಂತಹ 279 ರೋಗಿಗಳ ಅಧ್ಯಯನವನ್ನು ಪ್ರಕಟಿಸಿದರು. ಜಗತ್ತಿನ ಬೇರೆಡೆ ವಿರಳವಾದ ಈ ರೋಗ ನಮ್ಮ ನಾಡಿನಲ್ಲಿ ಹೆಚ್ಚು. ಇಂತಹವರು ಉಗುರುಬೆಚ್ಚನೆಯ ನೀರಿನಿಂದ ಸ್ನಾನ ಮಾಡಿದರೆ, ತಲೆಯ ಮೇಲೆ ಒಮ್ಮೆಲೇ ನೀರು ಸುರಿಯದಿದ್ದರೆ ಬಹಳಷ್ಟು ಸಲ ಮೂರ್ಛೆಯನ್ನು ತಪ್ಪಿಸಬಹುದು. ಕೆಲವರಿಗೆ ತಲೆಸ್ನಾನಕ್ಕೆ ಮುಂಚೆ ತೆಗೆದುಕೊಳ್ಳುವ ಗುಳಿಗೆಯನ್ನು ವೈದ್ಯರು ಬರೆದುಕೊಡುತ್ತಾರೆ. ಬಚ್ಚಲಲ್ಲಿ ಬಿದ್ದ ಮಗುವಿಗೆ ಗಾಳಿ ಸೋಂಕಿತೆಂದು ದೃಷ್ಟಿ ತೆಗೆಯುವ ತಾಯಂದಿರಿಗೆ ಈ ಸಂಗತಿ ಮುಟ್ಟಬೇಕು.

ರೋಗ ಎಷ್ಟು ಜನಕ್ಕಿದೆ? ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಮನೆಮನೆಗೆ ಹೋಗಿ ವಿಚಾರಿಸಿದ ನಿಮ್ಹಾನ್ಸ್ ಸಮೀಕ್ಷೆಯಲ್ಲಿ ಪಟ್ಟಣದಲ್ಲಿ ಸಾವಿರಕ್ಕೆ ಸುಮಾರು 6, ಹಳ್ಳಿಗಳಲ್ಲಿ ಸುಮಾರು 12 ಮೂರ್ಛೆರೋಗಿಗಳು ಕಂಡುಬಂದರು. ಹಳ್ಳಿಯಲ್ಲಿ ಇಮ್ಮಡಿ! ಆ ಲೆಕ್ಕವನ್ನೇ ಹಿಡಿದರೆ ಐದು ಸಾವಿರ ಜನಸಂಖ್ಯೆಯ ಊರಿನಲ್ಲಿ 60 ಜನ. ಹೆರಿಗೆಯ ವೇಳೆ ಮಗುವಿನ ಮೆದುಳಿಗಾದ ಪೆಟ್ಟು, ಮೆದುಳು ಜ್ವರ, ತಲೆಗೆ ಬಿದ್ದ ಏಟು, ಹೊಲಸು ನೀರು ಮತ್ತು ತೊಳೆಯದ ಕಾಯಿಪಲ್ಲೆಯ ಮೂಲಕ ಹೊಟ್ಟೆ ಸೇರಿ ಮೆದುಳನ್ನು ಮುಟ್ಟುವ ಲಾಡಿಹುಳದ ಮರಿ ಇವೆಲ್ಲ ಕಾರಣಗಳು. ಇವುಗಳಲ್ಲಿ ಹೆಚ್ಚಿನವು ಬಡವನ ಮನೆಯ ವಿಳಾಸವನ್ನೇ ಹುಡುಕಿಕೊಂಡು ಬರುತ್ತವೆ.

ಔಷಧವಿಲ್ಲವೇ? ಇದೆ. ಅದೂ ನಿನ್ನೆ ಮೊನ್ನೆಯದಲ್ಲ. ಫಿನೋಬಾರ್ಬಿಟಾಲ್ ಮೂರ್ಛೆಗೆ ಗುಣಕಾರಿಯೆಂದು 1912ರಲ್ಲಿಯೇ ಗೊತ್ತಾಯಿತು. ಫೆನಿಟಾಯಿನ್ 1938ರಲ್ಲಿ ಬಂತು. ಚಾಮರಾಜನಗರ ಜಿಲ್ಲೆಯ ಯಳಂದೂರಿನ ಹಳ್ಳಿಗಳಲ್ಲಿ ಅದೇ ಡಾ. ಮಣಿಯವರ ತಂಡ ಈ ಎರಡು ಅಗ್ಗದ ಗುಳಿಗೆಗಳನ್ನೇ ಹಳ್ಳಿಗರಿಗೆ ಕೊಟ್ಟು ವರ್ಷಗಟ್ಟಲೆ ನೋಡಿಕೊಂಡಿತು. 2001ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ ಅರ್ಧಕ್ಕಿಂತ ಹೆಚ್ಚು ರೋಗಿಗಳ ಮೂರ್ಛೆ ಹತೋಟಿಗೆ ಬಂತು. ಸರಿಯಾದ ಚಿಕಿತ್ಸೆ ಸಿಕ್ಕರೆ ನೂರರಲ್ಲಿ 70 ಜನ ಮೂರ್ಛೆಯಿಲ್ಲದೆ ಬಾಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರ ಲೆಕ್ಕದಂತೆ ಅಗ್ಗದ ಗುಳಿಗೆಗೆ ವರ್ಷಕ್ಕೆ ತಗಲುವುದು 5 ಡಾಲರ್, ಅಂದರೆ ಕೂಲಿಕಾರನ ಒಂದೆರಡು ದಿನದ ಪಗಾರ. ಹೀಗಿದ್ದೂ ನಮ್ಮ ದೇಶದ ಕೆಲವು ಹಳ್ಳಿಗಳಲ್ಲಿ ನೂರಕ್ಕೆ 95 ರೋಗಿಗಳಿಗೆ ಚಿಕಿತ್ಸೆ ಸಿಕ್ಕಿಲ್ಲವೆಂದು ಅಧ್ಯಯನಗಳು ಹೇಳಿವೆ. ಔಷಧ ಹುಟ್ಟಿ ನೂರು ವರ್ಷ ದಾಟಿದರೂ ಅದು ಹಳ್ಳಿಯ ಬಾಗಿಲು ಮುಟ್ಟದಿದ್ದರೆ ತಪ್ಪು ವಿಜ್ಞಾನದ್ದಲ್ಲ, ವ್ಯವಸ್ಥೆಯದು.

ನಾಚಿಕೆಯೂ ಒಂದು ಶತ್ರು. ಮಗಳ ರೋಗವನ್ನು ಮುಚ್ಚಿಟ್ಟು ಮದುವೆ ಮಾಡುವುದು, ಗಂಡನ ಮನೆಯಲ್ಲಿ ಗೊತ್ತಾದೀತೆಂದು ಆಕೆ ಗುಳಿಗೆ ಬಿಡುವುದು, ಮೂರ್ಛೆ ಮರುಕಳಿಸುವುದು ಎಷ್ಟು ಮನೆಗಳ ಕಥೆಯಲ್ಲ! ಕಾನೂನೂ ಹಿಂದೆ ಇದಕ್ಕೆ ಕುಮ್ಮಕ್ಕು ಕೊಟ್ಟಿತ್ತು. 1976ರ ತಿದ್ದುಪಡಿಯಿಂದ ಹಿಂದೂ ವಿವಾಹ ಕಾಯ್ದೆಯಲ್ಲಿ ಮೂರ್ಛೆರೋಗವನ್ನು ಹುಚ್ಚಿನ ಪಕ್ಕದಲ್ಲಿಯೇ ಮದುವೆಗೆ ಅಡ್ಡಿಯೆಂದು ಬರೆಯಲಾಗಿತ್ತು. 1999ರಲ್ಲಿ ಆ ಮಾತನ್ನು ತೆಗೆದುಹಾಕಲಾಯಿತು. ಇಂದು ಮೂರ್ಛೆರೋಗ ಮದುವೆಗೆ ಅಡ್ಡಿಯಲ್ಲ. ಕಾಯ್ದೆಯ ಪುಸ್ತಕದಿಂದ ಹೋದ ಕಳಂಕ ನಮ್ಮ ಮನಸ್ಸಿನಿಂದಲೂ ಹೋಗಬೇಕು.

ಗಿರಣಿ ಮಾಲೀಕರಿಗೂ ಅಂಗಡಿಕಾರ ಬಂಧುಗಳಿಗೂ ನಾವು ಒಂದು ಮಾತು ಹೇಳಬಯಸುತ್ತೇವೆ. ಮೂರ್ಛೆ ಹತೋಟಿಗೆ ಬರದವನನ್ನು ಹತ್ತಿಯ ಜಿನ್ನಿನ ಬಾಯಿಗೆ, ಬೆಂಕಿಯ ಒಲೆಗೆ, ಏಣಿಯ ಮೇಲಕ್ಕೆ ಕಳಿಸಬಾರದು ನಿಜ. ಹಾಗೆಂದು ಅವನನ್ನು ಮನೆಗೆ ಕಳಿಸುವುದು ನ್ಯಾಯವಲ್ಲ. ತೂಕದ ಲೆಕ್ಕ, ಗಂಟು ಕಟ್ಟುವುದು, ಗಲ್ಲೆಯ ಕೆಲಸ ಎಷ್ಟಿಲ್ಲ? ಅದೇ ಪಗಾರದಲ್ಲಿ ಅವನ ಜಾಗ ಬದಲಿಸಿರಿ. ಹೊರದೂಡುವ ಹೆದರಿಕೆ ಇದ್ದಲ್ಲಿ ಕಾರ್ಮಿಕ ರೋಗವನ್ನು ಮುಚ್ಚಿಡುತ್ತಾನೆ. ಮುಚ್ಚಿಟ್ಟ ರೋಗವೇ ಯಂತ್ರದ ಬಳಿ ಜೀವ ತೆಗೆಯುತ್ತದೆ. ಕಾರ್ಮಿಕ ಸಂಘಗಳು ಇದನ್ನು ತಮ್ಮ ಬೇಡಿಕೆಗಳ ಪಟ್ಟಿಯಲ್ಲಿ ಸೇರಿಸಬೇಕು.

ಇನ್ನು ಸರಕಾರ. 2022ರಲ್ಲಿ ಕರ್ನಾಟಕ ಸರಕಾರ ನಿಮ್ಹಾನ್ಸ್ ಜೊತೆಗೂಡಿ ಮೆದುಳಿನ ಆರೋಗ್ಯದ ಯೋಜನೆಯನ್ನು ಬೆಂಗಳೂರಿನ ಜಯನಗರ, ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಆರಂಭಿಸಿತು. ಒಳ್ಳೆಯದು. ಆದರೆ ರಾಜಧಾನಿಯ ಸುತ್ತ ಹಚ್ಚಿದ ದೀಪದ ಬೆಳಕು ಮಲಪ್ರಭೆಯ ದಂಡೆಗೆ ಬಂತೇ ಎಂಬುದಕ್ಕೆ ಅಳತೆ ಒಂದೇ: ರೋಣ, ನರಗುಂದ, ಗಜೇಂದ್ರಗಡದ ಸರಕಾರಿ ದವಾಖಾನೆಗಳಲ್ಲಿ ರೋಗಿ ಕೇಳಿದ ದಿನ ಗುಳಿಗೆ ಸಿಗಬೇಕು. ಗುಳಿಗೆ ನಾಲ್ಕು ದಿನ ತಪ್ಪಿದರೆ ಮೂರ್ಛೆಯ ಮೇಲೆ ಮೂರ್ಛೆ ಬಂದು ಜೀವಕ್ಕೇ ಅಪಾಯವಾದೀತು. ಆದುದರಿಂದ ನಮ್ಮ ಒತ್ತಾಯಗಳು ಮೂರು. ಒಂದು, ತಾಲೂಕು ದವಾಖಾನೆಗಳಲ್ಲಿಯೂ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿಯೂ ಮೂರ್ಛೆಯ ಗುಳಿಗೆಗಳು ವರ್ಷವಿಡೀ ಇರಬೇಕು. ಒಂದೊಂದು ಸಲಕ್ಕೆ ಎರಡು ತಿಂಗಳಿಗೆ ಸಾಲುವಷ್ಟು ಕೊಡಬೇಕು. ಎರಡು, ಗದಗಿನ ವೈದ್ಯಕೀಯ ಸಂಸ್ಥೆಯಿಂದಲೋ ಧಾರವಾಡದ ಡಿಮ್ಹಾನ್ಸಿನಿಂದಲೋ ತಜ್ಞರು ತಿಂಗಳಿಗೊಮ್ಮೆ ಈ ಮೂರೂ ಊರುಗಳಿಗೆ ಬರಬೇಕು. ಕೂಲಿ ಬಿಟ್ಟು ಬಸ್ಸು ಹತ್ತುವ ನೂರು ರೋಗಿಗಳಿಗಿಂತ ಒಬ್ಬ ವೈದ್ಯ ಬಸ್ಸು ಹತ್ತುವುದು ಅಗ್ಗ. ಮೂರು, ಆಶಾ ಕಾರ್ಯಕರ್ತೆಯರಿಗೆ ರೋಗ ಗುರುತಿಸುವ ತರಬೇತಿ ಕೊಡಬೇಕು. ಅದಕ್ಕೆ ತಕ್ಕ ಸಂಬಳವನ್ನೂ ಕೊಡಬೇಕು.

ಸರಕಾರ ಮಾಡುವವರೆಗೆ ನಾವು ಕೈಕಟ್ಟಿ ಕೂಡಬೇಕಾಗಿಲ್ಲ. ಸಂತೆಯಲ್ಲಿ, ಗಿರಣಿಯಲ್ಲಿ ಯಾರಾದರೂ ಮೂರ್ಛೆ ಬಂದು ಬಿದ್ದರೆ ಸುತ್ತಲಿನ ಕಲ್ಲು ಕಬ್ಬಿಣ ಸರಿಸಿರಿ, ತಲೆಯ ಕೆಳಗೆ ಮಡಚಿದ ಟವೆಲ್ ಇಡಿರಿ, ಮೆಲ್ಲನೆ ಮಗ್ಗುಲಿಗೆ ಹೊರಳಿಸಿರಿ. ಕೈಕಾಲು ಒತ್ತಿ ಹಿಡಿಯಬೇಡಿರಿ. ಬಾಯಿಗೆ ಚಮಚವನ್ನಾಗಲಿ ನೀರನ್ನಾಗಲಿ ಹಾಕಬೇಡಿರಿ. ಐದು ನಿಮಿಷ ದಾಟಿದರೆ 108ಕ್ಕೆ ಫೋನು ಮಾಡಿರಿ. ಎಚ್ಚರವಾದ ಮೇಲೆ ಅವನ ಪಕ್ಕದಲ್ಲಿ ಕುಳಿತು ನಾಳೆ ದವಾಖಾನೆಗೆ ಹೋಗಲು ಹೇಳಿರಿ. ಸಾಧ್ಯವಾದರೆ ಜೊತೆಗೆ ಹೋಗಿರಿ. ಆ ದಿನದ ಅವನ ಪಾಳಿಯನ್ನು ಒಬ್ಬ ಸಂಗಾತಿ ಹೊತ್ತುಕೊಂಡರೆ ಅವನ ಕೆಲಸವೂ ಉಳಿಯುತ್ತದೆ, ಜೀವವೂ ಉಳಿಯುತ್ತದೆ.