ಬಾಯಿಮಾತಿನ ಬಾಡಿಗೆ, ಕೈಗೆ ಚಿಪ್ಪು

ಜೂನ್ ಬಂತೆಂದರೆ ಬಸ್ ಸ್ಟ್ಯಾಂಡ್ ಹಿಂದಿನ ಗಲ್ಲಿಗಳಲ್ಲಿ ಗಂಟುಮೂಟೆಯ ಸಂಭ್ರಮ. ಒಬ್ಬನಿಗೆ ವರ್ಗ, ಇನ್ನೊಬ್ಬನಿಗೆ ಮದುವೆ, ಮತ್ತೊಬ್ಬನಿಗೆ ಜೊತೆಗಾರರೊಡನೆ ಮುನಿಸು. ನಾಲ್ವರು ಕೂಡಿ ಹಿಡಿದ ಮನೆಯಿಂದ ಒಬ್ಬ ಹಾಸಿಗೆ ಸುತ್ತಿದನೋ, ರಗಳೆ ಶುರು. ಅಡ್ವಾನ್ಸ್ ಎಲ್ಲಿ?

ಮಾಲೀಕನನ್ನು ಕೇಳಿದರೆ, "ನನ್ನ ಕೈಗೆ ದುಡ್ಡು ಕೊಟ್ಟವನು ನೀನಲ್ಲ" ಅಂತಾನೆ. ಜೊತೆಗಾರನನ್ನು ಕೇಳಿದರೆ, "ನಿನ್ನ ಜಾಗಕ್ಕೆ ಯಾರಾದ್ರೂ ಬರಲಿ, ನೋಡೋಣ" ಅಂತಾನೆ. ಕರಾರುಪತ್ರವಿಲ್ಲ, ರಸೀದಿಯಿಲ್ಲ. ಇನ್ಯಾರನ್ನು ಕೇಳೋದು?

ಕರಾರಿಲ್ಲ ಅಂದಮಾತ್ರಕ್ಕೆ ಕಾನೂನೇ ಇಲ್ಲವೆಂದಲ್ಲ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 106ನೇ ಕಲಮಿನಂತೆ, ಬೇರೆ ಒಪ್ಪಂದವಿಲ್ಲದ ವಾಸದ ಬಾಡಿಗೆ ತಿಂಗಳಿಂದ ತಿಂಗಳಿಗೆ ನಡೆಯುವಂಥದು. ಬಿಡುವ ಬಾಡಿಗೆದಾರ 15 ದಿನ ಮುಂಚೆ ಬರಹದಲ್ಲಿ, ಸಹಿ ಹಾಕಿ ತಿಳಿಸಬೇಕು. "ಹೇಳಿದ್ನಲ್ಲಾ ಸಾರ್" ಅಂದರೆ ನಡೆಯದು. ಅಂಚೆಯ ರಸೀದಿ ಇದ್ದರೆ ಬಾಯಿಜಗಳವಿಲ್ಲ.

ತೊಡಕು ಇರುವುದು ಇಲ್ಲೇ. ಈ ಲೆಕ್ಕ ಮಾಲೀಕ ಮತ್ತು ಅವನ ಬಾಡಿಗೆದಾರನ ನಡುವಿನದು. ಜೊತೆಗಾರನ ಕೈಗೆ ದುಡ್ಡಿಟ್ಟು ಮನೆ ಸೇರಿದವನು ವಸೂಲಿಗೆ ಹಿಡಿಯಬೇಕಾದ್ದು ಆ ಜೊತೆಗಾರನನ್ನೇ. ಅದಕ್ಕೂ ಸಾಕ್ಷಿ ಬೇಕು: ಫೋನಿನಲ್ಲಿ ಹಣ ಹೋದ ದಾಖಲೆ, ಇಲ್ಲವೆ ಸಹಿಯಿರುವ ಚೀಟಿ. ಬಿಡುವ ದಿನ ಕರೆಂಟು ಬಿಲ್ಲು ಚುಕ್ತಾ ಮಾಡಿ, ಎಲ್ಲರೆದುರು ಬೀಗದ ಕೈ ಒಪ್ಪಿಸಿ, ಅದನ್ನೂ ಬರೆಸಿಕೊಂಡರೆ ನಾಳೆಯ ತಗಾದೆ ತಪ್ಪುತ್ತದೆ.

ಎರಡು ಕಿಲೋ ಸಕ್ಕರೆ ಉದ್ರಿ ಕೊಟ್ಟರೂ ಅಂಗಡಿಯವರು ಪುಸ್ತಕದಲ್ಲಿ ಬರೀತಾರೆ. ಸಾವಿರಗಟ್ಟಲೆ ಅಡ್ವಾನ್ಸಿಗೆ ಒಂದು ಚೀಟಿ ಬೇಡವೆ?