ಬೇಕರಿಯ ಒಲೆಗೆ ಆರು ತಿಂಗಳು, ಸ್ಥಾವರದ ಚಿಮಣಿಗೆ ಹತ್ತು ವರ್ಷ

2025ರ ಜನವರಿಯಲ್ಲಿ ಮುಂಬಯಿ ಹೈಕೋರ್ಟ್ ಒಂದು ಆದೇಶ ನೀಡಿತು. ನಗರದಲ್ಲಿ ಕಟ್ಟಿಗೆ ಮತ್ತು ಇದ್ದಿಲು ಉರಿಸುವ ಬೇಕರಿಗಳೂ ಹೋಟೆಲುಗಳೂ ಆರು ತಿಂಗಳೊಳಗೆ ಅನಿಲಕ್ಕೋ ಇತರ ಶುದ್ಧ ಇಂಧನಕ್ಕೋ ಬದಲಾಗಬೇಕು ಎಂಬುದು ಅದರ ಸಾರ. ಪಾಲಿಕೆ ಕೊಡಹೊರಟಿದ್ದ ಒಂದು ವರ್ಷದ ಕಾಲಾವಕಾಶ ನ್ಯಾಯಾಲಯಕ್ಕೆ ಹೆಚ್ಚೆನಿಸಿತು. ಬೇಕರಿಗಳ ಆ ಗಡುವು ಮುಗಿಯುವ ಜುಲೈ ತಿಂಗಳಲ್ಲೇ ಕೇಂದ್ರ ಪರಿಸರ ಸಚಿವಾಲಯದಿಂದ ಇನ್ನೊಂದು ಅಧಿಸೂಚನೆ ಹೊರಬಿತ್ತು. ದೇಶದ ಕಲ್ಲಿದ್ದಲು ವಿದ್ಯುತ್ ಘಟಕಗಳ ಪೈಕಿ ಸುಮಾರು ಶೇ. 78ರಷ್ಟು ಘಟಕಗಳು ಹೊಗೆಯಿಂದ ಸಲ್ಫರ್ ಡೈಆಕ್ಸೈಡನ್ನು ಬೇರ್ಪಡಿಸುವ ಉಪಕರಣವನ್ನು ಅಳವಡಿಸಬೇಕಾಗಿಲ್ಲ ಎಂದು ಅದು ಸಾರಿತು. ಈ ಉಪಕರಣದ ಅಗತ್ಯವನ್ನು ತಂದ ಮಾನದಂಡ ಪ್ರಕಟವಾದದ್ದು 2015ರ ಡಿಸೆಂಬರಿನಲ್ಲಿ. ಅದಕ್ಕಿದ್ದ ಗಡುವು 2017. ಆ ಗಡುವನ್ನು ಮತ್ತೆ ಮತ್ತೆ ಮುಂದೂಡಲಾಯಿತು; ಕೊನೆಗೆ ಬಹುಪಾಲು ಘಟಕಗಳಿಗೆ ಅದನ್ನು ತೆಗೆದೇ ಹಾಕಲಾಯಿತು.

ಬೇಕರಿಯ ಹೊಗೆ ನಿರಪಾಯಕಾರಿ ಎಂದು ಯಾರೂ ವಾದಿಸಬೇಕಾಗಿಲ್ಲ. ಆ ಒಲೆಯ ಮುಂದೆ ದುಡಿಯುವವನ ಶ್ವಾಸಕೋಶವೇ ಅದರ ಮೊದಲ ಬಲಿ. ಆದ್ದರಿಂದ ನಮ್ಮ ತಕರಾರು ನ್ಯಾಯಾಲಯದ ಆದೇಶದ ಮೇಲಲ್ಲ. ಒಂದೇ ದೇಶದಲ್ಲಿ, ಒಂದೇ ಗಾಳಿಯ ಹೆಸರಿನಲ್ಲಿ, ಪಾವ್ ಸುಡುವವನಿಗೆ ಒಂದು ಗಡಿಯಾರ, ವಿದ್ಯುತ್ ಸ್ಥಾವರಕ್ಕೆ ಮತ್ತೊಂದು ಗಡಿಯಾರ ಏಕೆ ಎಂಬುದು ನಮ್ಮ ಪ್ರಶ್ನೆ. ಗಣ್ಯನು ಕಳವು ಮಾಡಿದರೆ ಬಿಟ್ಟುಬಿಟ್ಟು, ದುರ್ಬಲನು ಮಾಡಿದಾಗ ಮಾತ್ರ ಶಿಕ್ಷಿಸುತ್ತಿದ್ದುದರಿಂದಲೇ ಹಿಂದಿನ ಜನಾಂಗಗಳು ನಾಶವಾದವೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದನ್ನು ನಮ್ಮ ಮನೆಗಳ ಮಕ್ಕಳೂ ಬಲ್ಲರು. ಕಾನೂನು ಯಾರ ಮುಂದೆ ಗಟ್ಟಿಯಾಗುತ್ತದೆ, ಯಾರ ಮುಂದೆ ಕರಗುತ್ತದೆ ಎಂಬುದೇ ಅದರ ನಿಜವಾದ ಪರೀಕ್ಷೆ.

ಸರಕಾರಕ್ಕೆ ತನ್ನದೇ ಸಮರ್ಥನೆಯಿದೆ. ಭಾರತೀಯ ಕಲ್ಲಿದ್ದಲಿನಲ್ಲಿ ಗಂಧಕದ ಪ್ರಮಾಣ ಕಡಿಮೆ, ಗಾಳಿಯಲ್ಲಿ ಆ ಅನಿಲ ಮಿತಿಯೊಳಗೇ ಇದೆ, ಉಪಕರಣ ದುಬಾರಿ, ವಿದ್ಯುತ್ ದರ ಏರುತ್ತದೆ ಎಂದು ಅದು ಹೇಳುತ್ತದೆ. ಆದರೆ ಸಲ್ಫರ್ ಡೈಆಕ್ಸೈಡ್ ಚಿಮಣಿಯಿಂದ ಹೊರಬಂದ ಮೇಲೆ ಅನಿಲವಾಗಿಯೇ ಉಳಿಯುವುದಿಲ್ಲ. ಅದು ಗಾಳಿಯಲ್ಲಿ ಸಲ್ಫೇಟ್ ಎಂಬ ಅತಿ ಸೂಕ್ಷ್ಮ ಕಣವಾಗಿ ಮಾರ್ಪಟ್ಟು ನೂರಾರು ಕಿಲೋಮೀಟರ್ ಸಾಗುತ್ತದೆ. ಶ್ವಾಸಕೋಶದ ಆಳಕ್ಕಿಳಿದು ರಕ್ತವನ್ನೂ ಸೇರಬಲ್ಲ ಪಿಎಂ 2.5 ಕಣಗಳಲ್ಲಿ ಅದೂ ಒಂದು. ಹೀಗಿರುವಾಗ ಅನಿಲವನ್ನು ಮಾತ್ರ ಅಳೆದು ‘ಎಲ್ಲವೂ ಕ್ಷೇಮ’ ಎನ್ನುವುದು ವಿಜ್ಞಾನವಲ್ಲ. ರಾಯಚೂರಿನ ಶಕ್ತಿನಗರ, ಬಳ್ಳಾರಿಯ ಕುಡುತಿನಿ, ವಿಜಯಪುರದ ಕೂಡಗಿಗಳಲ್ಲಿ ಚಿಮಣಿಗಳನ್ನು ನೋಡುತ್ತಲೇ ಏಳುವ ನಮ್ಮ ನಾಡಿನ ಜನರಿಗೆ ಇದು ದೂರದ ಊರಿನ ಮಾತಲ್ಲ.

ನಮ್ಮಲ್ಲಿ ಕಾನೂನಿಗೆ ಬರವಿಲ್ಲ. 1972ರ ಸ್ಟಾಕ್‌ಹೋಮ್ ಸಮ್ಮೇಳನದಲ್ಲಿ ಕೈಗೊಂಡ ನಿರ್ಧಾರಗಳ ಬೆನ್ನಲ್ಲೇ 1981ರಲ್ಲಿ ವಾಯುಮಾಲಿನ್ಯ ನಿಯಂತ್ರಣ ಕಾಯ್ದೆ ಬಂತು. 1991ರಲ್ಲಿ ಸುಪ್ರೀಂ ಕೋರ್ಟ್ ಮಾಲಿನ್ಯರಹಿತ ಗಾಳಿ ಮತ್ತು ನೀರು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಹೇಳಿತು. ಆದರೆ ಈ ಹಕ್ಕನ್ನು ಕಾಯಬೇಕಾದ ಮಾಲಿನ್ಯ ನಿಯಂತ್ರಣ ಮಂಡಳಿಗಳ ರಚನೆಯನ್ನು ನೋಡಿರಿ. ಅಲ್ಲಿ ಅಧಿಕಾರಿಗಳಿಗೆ ಸ್ಥಾನವಿದೆ, ಸ್ಥಳೀಯ ಸಂಸ್ಥೆಗಳಿಗೆ ಸ್ಥಾನವಿದೆ, ಕೃಷಿ ಮತ್ತು ಕೈಗಾರಿಕೆಯ ಹಿತವನ್ನು ಪ್ರತಿನಿಧಿಸುವವರಿಗೂ ಸ್ಥಾನವಿದೆ. ವೈದ್ಯರಿಗೆ ಮೀಸಲಾದ ಒಂದು ಕುರ್ಚಿಯೂ ಇಲ್ಲ. ರೋಗಿಯನ್ನು ಎಂದೂ ನೋಡದವರು ರೋಗದ ಕಾರಣಕ್ಕೆ ಪರವಾನಗಿ ಕೊಡುವ ವ್ಯವಸ್ಥೆ ಇದು.

ಇದ್ದ ಕಾಯ್ದೆಯ ಹಲ್ಲನ್ನೂ 2023ರಲ್ಲಿ ಕೀಳಲಾಯಿತು. ಅದುವರೆಗೆ ಪರವಾನಗಿ ಮತ್ತು ಹೊಗೆಯ ಮಿತಿಗಳನ್ನು ಮುರಿದವರಿಗೆ ಒಂದೂವರೆ ವರ್ಷದಿಂದ ಆರು ವರ್ಷಗಳವರೆಗೆ ಸೆರೆವಾಸ ವಿಧಿಸಲು ಅವಕಾಶವಿತ್ತು. ‘ಜನ ವಿಶ್ವಾಸ’ ಎಂಬ ಹೆಸರಿನ ತಿದ್ದುಪಡಿ ಕಾಯ್ದೆ ಅದನ್ನು ತೆಗೆದು 10 ಸಾವಿರದಿಂದ 15 ಲಕ್ಷ ರೂಪಾಯಿಗಳವರೆಗಿನ ದಂಡವಾಗಿ ಬದಲಿಸಿತು. ಹಳೆಯ ಕಾಯ್ದೆಯಡಿ ಸೆರೆ ಸೇರಿದವರು ವಿರಳ, ಮೊಕದ್ದಮೆಗಳು ವರ್ಷಗಟ್ಟಲೆ ಎಳೆಯುತ್ತಿದ್ದವು ಎಂಬುದು ನಿಜ. ಹಾಗಿದ್ದರೆ ಸರಿಪಡಿಸಬೇಕಾದದ್ದು ವಿಳಂಬವನ್ನು. ಊರಿನ ಮರದ ಮಿಲ್ಲಿಗೂ ಸಾವಿರಾರು ಕೋಟಿ ವಹಿವಾಟಿನ ಕಾರ್ಖಾನೆಗೂ 15 ಲಕ್ಷದ ಒಂದೇ ಮಿತಿ ಇರುವಾಗ, ಮಿಲ್ಲಿನವನು ಅಂಗಡಿ ಮುಚ್ಚುತ್ತಾನೆ, ಕಾರ್ಖಾನೆ ಅದನ್ನು ಖರ್ಚಿನ ಬಾಬಿಗೆ ಬರೆದುಕೊಳ್ಳುತ್ತದೆ. ಶ್ರೀಮಂತನಿಗೆ ದಂಡವು ಶಿಕ್ಷೆಯಲ್ಲ, ಬಾಡಿಗೆ. ನಾವು ಉಸಿರಾಡುವ ಗಾಳಿಯನ್ನು ಅವನು ಬಾಡಿಗೆಗೆ ಪಡೆದಂತಾಯಿತು.

ಸರಕಾರದ ಇನ್ನೊಂದು ಉತ್ತರ 2019ರ ಜನವರಿಯಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ. ಇದು ಸುಮಾರು 130 ನಗರಗಳಿಗೆ ಅನ್ವಯಿಸುತ್ತದೆ. ಕಾರ್ಯಕ್ರಮವೇ ಹೊರತು ಕಾಯ್ದೆಯಲ್ಲ. ಗುರಿ ತಪ್ಪಿದರೆ ನ್ಯಾಯಾಲಯದಲ್ಲಿ ಉತ್ತರಿಸಬೇಕಾದ ವ್ಯಕ್ತಿ ಯಾರೂ ಇಲ್ಲ. ಅದರ ಹಣದಲ್ಲಿ ಶೇ. 64ರಷ್ಟು ರಸ್ತೆಯ ಧೂಳನ್ನು ಗುಡಿಸಲು, ನೀರು ಚಿಮುಕಿಸಲು ವ್ಯಯವಾಗಿದೆಯೆಂದೂ, ಕೈಗಾರಿಕೆಯ ಹೊಗೆಗೆ ಶೇ. 1ರಷ್ಟೂ ಸಿಕ್ಕಿಲ್ಲವೆಂದೂ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2024ರಲ್ಲಿ ಲೆಕ್ಕ ಕೊಟ್ಟಿತು. ಕರ್ನಾಟಕದಿಂದ ಆ ಪಟ್ಟಿಯಲ್ಲಿರುವುದು ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ ಮತ್ತು ಕಲಬುರಗಿ ಮಾತ್ರ. ಅದಿರಿನ ಕೆಂಪು ಧೂಳನ್ನು ದಶಕಗಳಿಂದ ನುಂಗುತ್ತಿರುವ ಬಳ್ಳಾರಿ ಅದರಲ್ಲಿಲ್ಲ.

ಮಾನದಂಡದ ಕಥೆಯೂ ಇಷ್ಟೇ. ಪಿಎಂ 2.5ರ ವಾರ್ಷಿಕ ಸರಾಸರಿ ಘನ ಮೀಟರಿಗೆ 5 ಮೈಕ್ರೋಗ್ರಾಂ ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. 2009ರಲ್ಲಿ ನಮ್ಮ ದೇಶ ನಿಗದಿಪಡಿಸಿದ ಮಿತಿ 40. ಎಂಟು ಪಟ್ಟು ಹೆಚ್ಚು ಹೊಗೆಯನ್ನು ‘ಶುದ್ಧ’ ಎಂದು ಕರೆಯುವ ಮಾನದಂಡ ನಮ್ಮ ಮಕ್ಕಳನ್ನು ಕಾಯುವುದಾದರೂ ಹೇಗೆ?

ವಾಯುಮಾಲಿನ್ಯದಿಂದ ವಿಶ್ವದಲ್ಲಿ ವರ್ಷಕ್ಕೆ ಸುಮಾರು 70 ಲಕ್ಷ ಜನರು ಅಕಾಲ ಮೃತ್ಯುವಿಗೆ ಈಡಾಗುತ್ತಾರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಆದರೆ ಸಾವಿಗೂ ಮಾಲಿನ್ಯಕ್ಕೂ ನೇರ ಸಂಬಂಧವನ್ನು ತೋರಿಸುವ ನಿರ್ಣಾಯಕ ಪುರಾವೆ ಇಲ್ಲವೆಂದು ನಮ್ಮ ಸರಕಾರ ಸಂಸತ್ತಿನಲ್ಲಿ ಹಲವು ಬಾರಿ ಹೇಳಿದೆ. ಲಂಡನ್ನಿನಲ್ಲಿ 2013ರಲ್ಲಿ ಒಂಬತ್ತು ವರ್ಷದ ಬಾಲಕಿ ಎಲಾ ಅಸ್ತಮಾದಿಂದ ತೀರಿಕೊಂಡಳು. ಆಕೆಯ ತಾಯಿ ಪಟ್ಟುಬಿಡದೆ ಹೋರಾಡಿದರು. 2020ರ ಡಿಸೆಂಬರಿನಲ್ಲಿ ಮರಣ ವಿಚಾರಣಾಧಿಕಾರಿ ಆ ಸಾವಿಗೆ ವಾಯುಮಾಲಿನ್ಯವೂ ಕಾರಣವೆಂದು ಅಧಿಕೃತವಾಗಿ ದಾಖಲಿಸಿದರು. ಪುರಾವೆ ಸಿಗಬೇಕಾದರೆ ಹುಡುಕುವವರಿರಬೇಕು. ನಮ್ಮಲ್ಲಿ ಮರಣ ಪತ್ರದಲ್ಲಿ ‘ಉಸಿರಾಟದ ತೊಂದರೆ’ ಎಂದು ಬರೆದರೆ ಕಡತ ಮುಚ್ಚುತ್ತದೆ. ಹುಡುಕದೇ ಇದ್ದು ‘ಸಿಗಲಿಲ್ಲ’ ಎನ್ನುವುದು ಪ್ರಾಮಾಣಿಕತೆಯಲ್ಲ.

ಕಾನೂನು ಕಠಿಣವಾದರೆ ಬಡವನ ಹೊಟ್ಟೆಗೆ ಹೊಡೆತ ಬೀಳುತ್ತದೆ ಎಂಬ ಆಕ್ಷೇಪವಿದೆ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಗ್ಯಾರೇಜು, ಗುಜರಿ, ಆಟೋ, ಬೇಕರಿ, ಇಟ್ಟಿಗೆ ಭಟ್ಟಿ - ನಮ್ಮ ಸಮುದಾಯದ ಎಷ್ಟೋ ಮನೆಗಳ ಅನ್ನ ಹುಟ್ಟುವುದು ಇಂಥ ಕಡೆಗಳಲ್ಲೇ. 1998ರಲ್ಲಿ ಸುಪ್ರೀಂ ಕೋರ್ಟ್ ದೆಹಲಿಯ ಬಸ್ಸುಗಳನ್ನು ಸಿಎನ್‌ಜಿಗೆ ಬದಲಿಸಲು ಆದೇಶಿಸಿತು. ಸರಕಾರ ಸಾಕಷ್ಟು ಇಂಧನ ಕೇಂದ್ರಗಳನ್ನು ಸಕಾಲದಲ್ಲಿ ಸಿದ್ಧಪಡಿಸಲಿಲ್ಲ. ಚಾಲಕರು ಗಂಟೆಗಟ್ಟಲೆ ಸಾಲಿನಲ್ಲಿ ನಿಂತು ದಿನದ ದುಡಿಮೆ ಕಳೆದುಕೊಂಡರು. ಇದರಿಂದ ಕಲಿಯಬೇಕಾದ ಪಾಠ ಕಾನೂನು ಬೇಡವೆಂಬುದಲ್ಲ. ಗಡುವಿಗಿಂತ ಮೊದಲು ನೆರವು ತಲುಪಬೇಕೆಂಬುದು. ಅಲ್ಲದೆ ಹೊಗೆಯಿಂದ ಹೆಚ್ಚು ಬಳಲುವವನೂ ಬಡವನೇ. ಶ್ರೀಮಂತನ ಮನೆಯಲ್ಲಿ ಗಾಳಿ ಶುದ್ಧೀಕರಿಸುವ ಯಂತ್ರವಿದೆ. ಹೆದ್ದಾರಿಯ ಬದಿಯಲ್ಲಿ ಹಣ್ಣು ಮಾರುವವನಿಗೆ ತನ್ನ ಶ್ವಾಸಕೋಶವೇ ಶೋಧಕ.

ಆದ್ದರಿಂದ ನಾವು ಕೇಳಬೇಕಾದದ್ದು ನ್ಯಾಯವಾದ ಶಾಸನವನ್ನು. ಮಾಲಿನ್ಯ ನಿಯಂತ್ರಣ ಮಂಡಳಿಗಳಲ್ಲಿ ವೈದ್ಯರಿಗೆ ಸ್ಥಾನ ಕಡ್ಡಾಯವಾಗಲಿ. ಶುದ್ಧ ಗಾಳಿಯ ಗುರಿಗಳು ಕಾಯ್ದೆಯ ಭಾಗವಾಗಲಿ, ಗುರಿ ತಪ್ಪಿದಾಗ ಸರಕಾರವೇ ಉತ್ತರಿಸಲಿ. ದಂಡವು ವಹಿವಾಟಿಗೂ ಆದ ಹಾನಿಗೂ ತಕ್ಕಂತಿರಲಿ. ಸಣ್ಣ ಒಲೆಯವನಿಗೆ ಗಡುವಿನ ಜೊತೆಗೆ ಸಹಾಯಧನ ಸಿಗಲಿ, ದೊಡ್ಡ ಚಿಮಣಿಗೆ ಗಡುವಿನ ಜೊತೆಗೆ ವಿನಾಯಿತಿ ಸಿಗದಿರಲಿ.

ದಾರಿಯ ಮುಳ್ಳನ್ನು ಸರಿಸುವುದು ವಿಶ್ವಾಸದ ಒಂದು ಅಂಗವೆಂದು ನಾವು ಮದ್ರಸಾದ ಮೊದಲ ದಿನಗಳಲ್ಲೇ ಕಲಿತಿದ್ದೇವೆ. ಕಣ್ಣಿಗೆ ಕಾಣುವ ಮುಳ್ಳನ್ನು ಸರಿಸುವುದು ಸುಲಭ. ಕಾಣದ ಮುಳ್ಳು ಗಾಳಿಯಲ್ಲಿದೆ, ಅದನ್ನು ಕೈಯಿಂದ ಎತ್ತಿಹಾಕಲಾಗದು. ನಮ್ಮ ಮೊಹಲ್ಲಾಗಳಲ್ಲಿ ಕಸಕ್ಕೆ ಬೆಂಕಿಯಿಡುವುದನ್ನು ಇಂದೇ ನಿಲ್ಲಿಸೋಣ. ಅದು ನಮ್ಮ ಕೈಯಲ್ಲಿರುವ ಕೆಲಸ. ಬಳಿಕ ಶಾಸಕರು, ಸಂಸದರು ಮತ ಕೇಳಲು ಬಂದಾಗ ರಸ್ತೆ, ಚರಂಡಿಗಳ ಜೊತೆಗೆ ಗಾಳಿಯ ಲೆಕ್ಕವನ್ನೂ ಕೇಳೋಣ. ಬೇಕರಿಯವನಿಗೆ ಕೊಟ್ಟ ಆರು ತಿಂಗಳು ಚಿಮಣಿಯವನಿಗೇಕೆ ಸಾಲಲಿಲ್ಲ ಎಂದು ಕೇಳೋಣ. ಉತ್ತರ ಬರುವವರೆಗೂ ಕೇಳುತ್ತಲೇ ಇರೋಣ.